ಮಂಗಳೂರು ಹಂಚು, ಮುಂಬೈ ಮಳೆ

ಮುಂಬೈಗೆ ಮೊದಲ ಮಳೆ ಬಂದ ಮರುದಿನ ಪತ್ರಿಕೆಗಳಲ್ಲಿ ಸಮುದ್ರದ ಬದಿಯಲ್ಲಿ ನೆನೆಯುತ್ತಾ ನಗುತ್ತಿರುವವರ ಫೋಟೊ ಬರುತ್ತದೆ. ಚಾಳಿನ ಮೇಲಿನ ಮಾಳಿಗೆಯಲ್ಲಿ ಇದ್ದವರ ಫೋಟೊವನ್ನು ಯಾರೂ ಹಾಕಿದ್ದು ನಾನು ನೋಡಿಲ್ಲ. 1986ರ ಜೂನ್‌ನಲ್ಲಿ ನಾನು ಅಂಥ ಮಾಳಿಗೆಯಲ್ಲಿದ್ದೆ. ಬ್ಯಾಂಕಿಗೆ ಸೇರಿ ಮೂರು ವರ್ಷ, ಮುಂಬೈಗೆ ವರ್ಗವಾಗಿ ಎಂಟು ತಿಂಗಳು ಆಗಿತ್ತು. ಪರೇಲಿನ ಹಳೆಯ ಚಾಳೊಂದರ ಒಂದೇ ಕೋಣೆಯಲ್ಲಿ ನಾವು ಊರಿನ ಆರು ಮಂದಿ. ಹೋಟೆಲಿನವರು ಮೂವರು, ಕ್ಯಾಂಟೀನಿನವರು ಇಬ್ಬರು, ಎಂ.ಕಾಂ. ಮಾಡಿದವನು ನಾನೊಬ್ಬ. ಡಿಗ್ರಿ ನೋಡಿ ಅಲ್ಲಿ ಜಾಗ ಕೊಡುತ್ತಿರಲಿಲ್ಲ. ಕೊನೆಗೆ ಬಂದವನಿಗೆ ಬಾಗಿಲ ಬದಿ, ಅಷ್ಟೆ.

ಒಂದು ರಾತ್ರಿ ಮುಖದ ಮೇಲೆ ನೀರು ಬಿದ್ದು ಎಚ್ಚರವಾಯಿತು. ಟಾರ್ಚ್ ಹಾಕಿ ನೋಡಿದರೆ ಮಾಡಿನಲ್ಲಿ ಒಂದು ಹಂಚು ಇಲ್ಲ. ಗಾಳಿಗೆ ಜಾರಿತೋ ಬೆಕ್ಕು ಓಡಿ ಸರಿಯಿತೋ, ಅಂತೂ ಒಂದು ಪುಸ್ತಕದಷ್ಟು ಆಕಾಶ ಕಾಣುತ್ತಿತ್ತು. ಬಕೆಟ್ ಇಟ್ಟು ಬೆಳಗು ಮಾಡಿದೆವು.

ಬೆಳಿಗ್ಗೆ ಪಕ್ಕದ ಕೋಣೆಯ ತಾತ್ಯಾ ಬಂದರು. 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಹೋದ ಮೇಲೆ ಆ ಚಾಳಿನ ಸಣ್ಣಪುಟ್ಟ ರಿಪೇರಿಗೆಲ್ಲ ಅವರೇ. ಸ್ಟೂಲಿನ ಮೇಲೆ ನಿಂತು ಒಡೆದ ಒಂದು ಹಂಚನ್ನು ಒಳಗಿನಿಂದಲೇ ಎಳೆದು ತೆಗೆದರು. ಮಗುಚಿ ಹಿಡಿದು ನನ್ನ ಕಡೆ ನೋಡಿ ನಕ್ಕರು. 'ಹೇ ಬಘಾ, ತುಮ್ಚ್ಯಾ ಗಾವ್‌ಚಂ ಕೌಲ್.' ನೋಡಿ, ನಿಮ್ಮೂರಿನ ಹಂಚು ಅಂತ. ಹಂಚಿನ ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮ್ಯಾಂಗಲೋರ್ ಎಂದು ಅಚ್ಚಾಗಿತ್ತು. ಸೋರುವುದಕ್ಕೂ ನಾವೇ ಹೊಣೆ ಎಂಬಂತೆ ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಊರು ಬಿಟ್ಟು ಬಂದು ಎಂಟು ತಿಂಗಳು ಅದರ ಅಡಿಯಲ್ಲೇ ಮಲಗಿದ್ದರೂ ಅದು ನಮ್ಮೂರಿನದು ಎಂದು ನನಗೆ ಹೊಳೆದಿರಲಿಲ್ಲ. ಮಹಾರಾಷ್ಟ್ರದಲ್ಲಿ ಅದಕ್ಕೆ ಹೆಸರೇ 'ಮಂಗಳೂರಿ ಕೌಲು'. ಮಂಗಳೂರು ಎಲ್ಲಿದೆ ಎಂದು ಗೊತ್ತಿಲ್ಲದವರ ಬಾಯಲ್ಲೂ ಆ ಹೆಸರು ಉಂಟು. ಕರಾವಳಿಯ ಹೋಟೆಲುಗಳು, ಬ್ಯಾಂಕುಗಳು ಮುಂಬೈಗೆ ಬಂದ ಕತೆಯನ್ನು ಎಲ್ಲರೂ ಬರೆದಿದ್ದಾರೆ. ನಮಗಿಂತ ಮೊದಲು ನಮ್ಮ ಗದ್ದೆಯ ಮಣ್ಣೇ ಇಲ್ಲಿಗೆ ಬಂದು ನೆಲೆಯೂರಿತ್ತು. ಅದರ ಕತೆಯನ್ನು ಸ್ವಲ್ಪ ಹೇಳುತ್ತೇನೆ.

ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡಿಗರಾದ ನಮಗೆ ಆ ಮಿಷನ್ ಗೊತ್ತಿರುವುದು ಅಚ್ಚುಕೂಟದಿಂದ. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರು ಸಮಾಚಾರ', 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು, ಇವೆರಡನ್ನು ಶಾಲೆಯಲ್ಲೇ ಓದಿರುತ್ತೇವೆ. ಆದರೆ ಮಿಷನ್ನಿಗೆ ಇನ್ನೊಂದು ತಲೆನೋವಿತ್ತು. ಮತಾಂತರವಾದವರು ಜಾತಿಯ ಕಸುಬು, ಗೇಣಿಗದ್ದೆ, ಮನೆ ಎಲ್ಲವನ್ನೂ ಕಳೆದುಕೊಂಡು ಬಂದು ನಿಲ್ಲುತ್ತಿದ್ದರು. ಅವರಿಗೆ ಅನ್ನದ ದಾರಿ ಆಗಬೇಕಿತ್ತು. ನೇಯ್ಗೆ, ಅಚ್ಚು, ಹಂಚು, ಈ ಮೂರೂ ಹಾಗೆ ಹುಟ್ಟಿದ ಉದ್ಯೋಗಗಳು.

ಹಂಚಿನ ಹಿಂದೆ ಇದ್ದವರು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ತಂತ್ರಜ್ಞ. ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಒಂದಕ್ಕೊಂದು ಕೊಂಡಿಯಂತೆ ಕೂರುವ ಹಂಚು ಅವರ ಸ್ವಂತ ಕಲ್ಪನೆಯಲ್ಲ. ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲೇ ಅಂಥದಕ್ಕೆ ಪೇಟೆಂಟ್ ಪಡೆದಿದ್ದರು. ಪ್ಲೆಬ್ಸ್ಟ್ ಆ ಬಗೆಯ ಹಂಚನ್ನು ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಒಗ್ಗಿಸಿದರು. ಮೂರೇ ವರ್ಷದಲ್ಲಿ, 1868ರಲ್ಲಿ, ಊರಿನವರೇ ಆದ ಆಲ್ಬುಕರ್ಕ್ ಕುಟುಂಬ ತನ್ನ ಕಾರ್ಖಾನೆ ಹಾಕಿತು. ಆಮೇಲೆ ನೇತ್ರಾವತಿ, ಫಲ್ಗುಣಿ ನದಿಗಳ ಬದಿಯಲ್ಲಿ ಚಿಮಣಿಗಳು ಒಂದೊಂದಾಗಿ ಎದ್ದವು. ಮಣ್ಣು ಗದ್ದೆಯಲ್ಲಿ, ಕಟ್ಟಿಗೆ ಘಟ್ಟದಲ್ಲಿ, ಸಾಗಿಸಲು ದೋಣಿ ನದಿಯಲ್ಲಿ. ಮೂರೂ ಒಂದೇ ಕಡೆ ಸಿಗುವ ಜಾಗ ಅದು. ಬಂದರಿನಿಂದ ಹಾಯಿಹಡಗುಗಳಲ್ಲಿ ಹಂಚು ಮುಂಬೈಗೆ, ಸಿಲೋನಿಗೆ, ಬರ್ಮಾಕ್ಕೆ, ಪೂರ್ವ ಆಫ್ರಿಕಕ್ಕೆ ಹೋಯಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಮುಂಬೈಗೆ ಕೊಂಕಣದ ದಾರಿಯಾಗಿ ನೇರ ರೈಲು ಆದದ್ದು 1998ರಲ್ಲಿ. ಹಂಚು ಅಷ್ಟು ಕಾಲ ಕಾಯಲಿಲ್ಲ.

ಮೊದಲ ಮಹಾಯುದ್ಧ ಬಂದಾಗ ಜರ್ಮನರ ಜೊತೆ ನಂಟಿದ್ದ ಆಸ್ತಿ ಎಂದು ಬ್ರಿಟಿಷ್ ಸರಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ಕೈಗೆ ಹೋದವು. ಒಡೆಯರು ಬದಲಾದರೂ ಮಣ್ಣು ತುಳಿದವರು, ಹಸಿ ಹಂಚು ಹೊತ್ತವರು ಬದಲಾಗಲಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಹೆಂಗಸರು. ಕರಾವಳಿಯ ಕಾರ್ಮಿಕ ಸಂಘಗಳು ಬೆಳೆದದ್ದೇ ಹಂಚು, ಗೇರುಬೀಜ, ಬೀಡಿ ಕೆಲಸಗಾರರ ನಡುವೆ.

ಇಲ್ಲೊಂದು ಸಣ್ಣ ಮಾತು. ಹಳೆಯ ಹಂಚಿನ ಅಡಿಯಲ್ಲಿ 1865 ಎಂದೋ 1868 ಎಂದೋ ಇದ್ದರೆ ನಮ್ಮ ಮನೆ ಅಷ್ಟು ಹಳೆಯದು ಎಂದು ಹೆಮ್ಮೆಪಡುವವರನ್ನು ನೋಡಿದ್ದೇನೆ. ಅದು ಕಾರ್ಖಾನೆ ಶುರುವಾದ ವರ್ಷ. ಹಂಚು ಎಷ್ಟೋ ದಶಕ ಆದಮೇಲೆ ಸುಟ್ಟದ್ದಿರಬಹುದು. ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಸ್ಥಾಪನೆಯ ವರ್ಷ ಇರುವುದಿಲ್ಲವೇ, ಹಾಗೆ.

ಈಗ ಕೆಲಸದ ವಿಷಯ. ಮಂಗಳೂರು ಹಂಚು ಸುಮಾರು ಹದಿನಾರು ಇಂಚು ಉದ್ದ, ಒಂಬತ್ತೂವರೆ ಹತ್ತು ಇಂಚು ಅಗಲ, ತೂಕ ಎರಡರಿಂದ ಮೂರು ಕಿಲೋ. ನೂರು ಚದರಡಿ ಮಾಡಿಗೆ ನೂರೈವತ್ತರ ಹತ್ತಿರ ಬೇಕು. ಇಷ್ಟು ಭಾರದ ಮಾಡನ್ನು ಸಾಮಾನ್ಯವಾಗಿ ಒಂದು ಮೊಳೆಯೂ ಹಿಡಿದಿರುವುದಿಲ್ಲ. ಪಕ್ಕಾಸಿನ ಮೇಲೆ ಅಡ್ಡಕ್ಕೆ ರೀಪು, ರೀಪಿಗೆ ಸಿಕ್ಕಿಕೊಳ್ಳಲು ಹಂಚಿನ ಅಡಿಯಲ್ಲಿ ಸಣ್ಣ ಮೂಗು. ಬದಿಯ ಗಾಡಿ ಪಕ್ಕದ ಹಂಚಿನ ಗಾಡಿಯಲ್ಲಿ ಕೂರುತ್ತದೆ, ತಲೆ ಮೇಲಿನ ಸಾಲಿನ ಅಡಿಗೆ ಹೋಗುತ್ತದೆ. ಭಾರವೇ ಅದನ್ನು ಹಿಡಿದಿಡುವುದು. ಒಂದು ಹೋದರೆ ಹಾಕುವುದೂ ಸುಲಭ. ಮೇಲಿನ ಸಾಲಿನದನ್ನು ಸ್ವಲ್ಪ ಎತ್ತಿ, ಪಕ್ಕದ್ದನ್ನು ಸರಿಸಿ, ಹೊಸದರ ಮೂಗನ್ನು ರೀಪಿಗೆ ಸಿಕ್ಕಿಸಿ ಎಲ್ಲವನ್ನೂ ಮತ್ತೆ ಕೂರಿಸಿದರೆ ಮುಗಿಯಿತು. ಐದು ನಿಮಿಷದ ಕೆಲಸ.

ಹಾಕದಿದ್ದರೆ ಮಾತ್ರ ಕತೆ ಬೇರೆ. ಒಂದು ಹಂಚಿನ ಸಂದಿನಿಂದ ಇಳಿದ ನೀರು ಮೊದಲು ರೀಪನ್ನು ನೆನೆಸುತ್ತದೆ. ರೀಪು ಕುಂಬಾದರೆ ಅದರ ಮೇಲಿನ ಇಡೀ ಸಾಲು ಜಾರುತ್ತದೆ. ಆಮೇಲೆ ಪಕ್ಕಾಸು. ಕೊನೆಗೆ ಗೋಡೆಯ ತಲೆ. ಮಣ್ಣಿನ ಗೋಡೆ ತಲೆಯಿಂದ ನೀರು ಕುಡಿದರೆ ಎರಡು ಮೂರು ಮಳೆಗಾಲ ತಡೆದರೆ ಹೆಚ್ಚು. ಆದ್ದರಿಂದ ಮಳೆಗೆ ಮುಂಚೆ ಹಂಚಿಗೆ ಕೈ ಆಡಿಸುವುದು ವರ್ಷದ ಕ್ರಮ. ಮರಾಠಿಯವರು ಇದಕ್ಕೆ ಶಾಕಾರಣೆ ಎನ್ನುತ್ತಾರೆ. ನಮ್ಮ ತುಳುನಾಡಿನಲ್ಲಿ ಪತ್ತನಾಜೆಯ ಒಳಗೆ, ಅಂದರೆ ಮೇ ಇಪ್ಪತ್ನಾಲ್ಕರ ಸುಮಾರಿಗೆ, ಮಾಡಿನ ಕೆಲಸ ಮುಗಿದಿರಬೇಕು.

ಐದು ನಿಮಿಷದ ಕೆಲಸ ಎಂದೆನಲ್ಲ, ಅದನ್ನು ಯಾರು ಮಾಡಬೇಕು ಎಂಬ ಪ್ರಶ್ನೆಗೆ ಮುಂಬೈ ನಗರ ಎಂಬತ್ತು ವರ್ಷದಿಂದ ಉತ್ತರ ಹುಡುಕುತ್ತಿದೆ. 1896ರಲ್ಲಿ ಪ್ಲೇಗು ಬಂದಾಗ ಸರಕಾರಕ್ಕೆ ಮಾಡಿನ ನೆನಪಾಗಿತ್ತು. ಕತ್ತಲೆ ಕೋಣೆಗಳಿಗೆ ಗಾಳಿ ಬೆಳಕು ಬರಲೆಂದು ಅಧಿಕಾರಿಗಳು ಹಂಚು ತೆಗೆಸುತ್ತಿದ್ದರು. ತೆಗೆಸಲು ಸರಕಾರ ಇತ್ತು, ಮತ್ತೆ ಹಾಕಿಸುವ ಜವಾಬ್ದಾರಿ ಮಾತ್ರ ಬಡವನದು. 1947ರಲ್ಲಿ ಬಾಡಿಗೆ ನಿಯಂತ್ರಣ ಕಾನೂನು ಬಂತು. ಬಾಡಿಗೆ 1940ರ ಮಟ್ಟಕ್ಕೆ ಕಟ್ಟುಬಿತ್ತು. ಜನರನ್ನು ಬೀದಿಗೆ ಹಾಕದಂತೆ ತಡೆದ ಒಳ್ಳೆಯ ಕಾನೂನು ಅದು. ಆದರೆ ಬೆಲೆ ಏರಿತು, ಬಾಡಿಗೆ ಏರಲಿಲ್ಲ. ನಮ್ಮ ಕೋಣೆಗೆ 1986ರಲ್ಲಿ ತಿಂಗಳಿಗೆ ಹದಿನೆಂಟು ರೂಪಾಯಿ. ಲೆಕ್ಕ ಓದಿದವನಾಗಿ ಹೇಳುತ್ತೇನೆ, ಹದಿನೆಂಟು ರೂಪಾಯಿಯಲ್ಲಿ ಮಾಲಕ ತೆರಿಗೆ ಕಟ್ಟಬೇಕು, ಕಕ್ಕಸಿನ ನಲ್ಲಿ ನೋಡಬೇಕು, ಮಾಡೂ ಹೊದೆಸಬೇಕು. ಅವನು ಯಾಕೆ ಹೊದೆಸುತ್ತಾನೆ? ಕಟ್ಟಡ ಬಿದ್ದರೆ ಅವನಿಗೆ ಜಾಗ ಸಿಗುತ್ತದೆ, ನಿಂತರೆ ಹದಿನೆಂಟು ರೂಪಾಯಿ.

ಕಟ್ಟಡಗಳು ಬೀಳತೊಡಗಿದವು. 1969ರಲ್ಲಿ ರಿಪೇರಿ ಮಂಡಳಿಯ ಕಾನೂನು ಆಯಿತು. ಹಳೆಯ ಕಟ್ಟಡಗಳಿಂದ ಸೆಸ್ ವಸೂಲು ಮಾಡಿ ಆ ದುಡ್ಡಿನಲ್ಲಿ ಮಂಡಳಿಯೇ ದುರಸ್ತಿ ಮಾಡುವುದು ಎಂಬ ಏರ್ಪಾಡು. 1977ರಲ್ಲಿ ಆ ಮಂಡಳಿ ಮ್ಹಾಡಾದೊಳಗೆ ಸೇರಿತು. ತೊಲೆ, ಕಂಬ, ಗೋಡೆಯಂಥ ದೊಡ್ಡ ಕೆಲಸ ಸರದಿಯ ಮೇಲೆ ಆಗುತ್ತಿತ್ತು. ಒಂದು ಹಂಚಿಗಾಗಿ ಅರ್ಜಿ ಹಾಕುವವರು ಯಾರು? 1999ರ ಹೊಸ ಬಾಡಿಗೆ ಕಾನೂನು 2000ದ ಮಾರ್ಚ್ 31ರಿಂದ ಜಾರಿಯಾದಾಗಲೂ ಹಳೆಯ ಬಾಡಿಗೆದಾರರಿಗೆ ರಕ್ಷಣೆ ಮುಂದುವರಿಯಿತು, ಮಾಡು ಸೋರುವುದೂ ಮುಂದುವರಿಯಿತು.

ಚಾಳಿನಲ್ಲಿ ನಡೆಯುತ್ತಿದ್ದದ್ದು ಬೇರೆ. ಪ್ರತಿ ಮೇ ತಿಂಗಳಲ್ಲಿ ತಾತ್ಯಾ ಒಂದು ನೋಟ್‌ಬುಕ್ ಹಿಡಿದು ಕೋಣೆ ಕೋಣೆಗೆ ಬರುತ್ತಿದ್ದರು. ನೆಲಮಾಳಿಗೆಯವರು 'ನಮಗೇನು ಸೋರುತ್ತದೆಯೇ' ಎಂದು ಜಗಳ ತೆಗೆಯುತ್ತಿದ್ದರು. 'ಮೇಲಿನವನ ಮಾಡು ಹೋದರೆ ನಿನ್ನ ತಲೆ ಮೇಲೆ ಬೀಳುವುದು ಮೇಲಿನವನೇ' ಎಂದು ಅವರ ಉತ್ತರ. ಕೊನೆಗೆ ಎಲ್ಲರೂ ಕೊಡುತ್ತಿದ್ದರು. ಒಂದು ಭಾನುವಾರ ಇಪ್ಪತ್ತು ಜನ ಸಾಲಾಗಿ ನಿಂತು ಹಂಚನ್ನು ಕೈಯಿಂದ ಕೈಗೆ ದಾಟಿಸಿ ಮಾಡು ಸರಿಮಾಡುತ್ತಿದ್ದೆವು. ಮದುವೆಯಾಗಿ ಡೊಂಬಿವಿಲಿಗೆ ಹೋಗುವ ತನಕ ನಾನು ಮೂರು ಮೇ ತಿಂಗಳು ಆ ಸಾಲಿನಲ್ಲಿ ನಿಂತಿದ್ದೇನೆ. ಬಿಡುವಿಲ್ಲ ಎಂದು ಹೇಳುವ ಧೈರ್ಯ ತಾತ್ಯಾನ ಮುಂದೆ ಯಾರಿಗೂ ಇರಲಿಲ್ಲ.

ಆ ಧೈರ್ಯವನ್ನು ನಾನು ತೋರಿಸಿದ್ದು ಅಣ್ಣನ ಮುಂದೆ.

ನಮ್ಮ ಮನೆ ಫಲ್ಗುಣಿ ನದಿಯ ಬದಿಯ ಒಂದು ಹಳ್ಳಿಯಲ್ಲಿ. ಅಜ್ಜನ ಕಾಲದಲ್ಲಿ ಮುಳಿಹುಲ್ಲಿನ ಮಾಡು ಇತ್ತಂತೆ. ಹಂಚು ಹೊದೆಸಿದ್ದು ಅಪ್ಪ. ಮನೆ ನೋಡಿಕೊಂಡು ಊರಲ್ಲಿ ನಿಂತದ್ದು ಅಣ್ಣ. ಮನೆಯಲ್ಲಿ ಮಾತು ತುಳುವಾದರೂ ನಮ್ಮ ಕಾಗದಗಳೆಲ್ಲ ಕನ್ನಡದಲ್ಲೇ. ಪ್ರತಿ ವರ್ಷ ಏಪ್ರಿಲ್ ಕೊನೆಗೆ ಅವನ ಇನ್‌ಲ್ಯಾಂಡ್ ಕಾಗದ ಬರುತ್ತಿತ್ತು. 'ನಾವೆಲ್ಲ ಕ್ಷೇಮ. ಈ ಸಲ ನೂರಿಪ್ಪತ್ತು ಹಂಚು ಬೇಕಾದೀತು. ಪಡುಬದಿಯ ರೀಪು ನಾಲ್ಕು ಹೋಗಿದೆ. ಮಂಗಗಳ ಉಪದ್ರ ಜಾಸ್ತಿ. ನೀನು ಎಂಟು ದಿನ ಬಂದರೆ ಒಳ್ಳೆಯದಿತ್ತು.' ನಾನು ಮೊದಲ ನಾಲ್ಕು ವಾಕ್ಯಗಳಿಗೆ ಮನಿಆರ್ಡರ್ ಮಾಡುತ್ತಿದ್ದೆ. ಐದನೆಯದಕ್ಕೆ 'ನೋಡುತ್ತೇನೆ' ಎಂದು ಬರೆಯುತ್ತಿದ್ದೆ. ಮಾರ್ಚ್‌ನಲ್ಲಿ ಕ್ಲೋಸಿಂಗ್, ಏಪ್ರಿಲ್‌ನಲ್ಲಿ ಆಡಿಟ್, ಮೇಯಲ್ಲಿ ಮಕ್ಕಳ ರಜೆ, ಹೆಂಡತಿಯ ತವರು. ಅಷ್ಟೇ ಅಲ್ಲ, ಊರಿಗೆ ಹೋದಾಗೆಲ್ಲ 'ಇದನ್ನು ಕೆಡವಿ ಟೆರೇಸ್ ಹಾಕುವ, ಲೋನ್ ನಾನು ಮಾಡಿಸ್ತೇನೆ' ಎಂದು ಅವನಿಗೇ ಪಾಠ ಹೇಳುತ್ತಿದ್ದೆ. 'ಟೆರೇಸ್ ಸೋರಿದ್ರೆ ಎಲ್ಲಿ ಸೋರ್ತದೆ ಅಂತ ಗೊತ್ತಾಗುದಿಲ್ಲ ಮಾರಾಯ. ಹಂಚಾದ್ರೆ ನೋಡಿದ ಕೂಡ್ಲೆ ಕಾಣ್ತದೆ' ಎನ್ನುತ್ತಿದ್ದ.

2007ರಲ್ಲಿ ಪರೇಲಿನ ಆ ಚಾಳನ್ನು ಕೆಡವಿದರು. ಗಿರಣಿಗಳ ಜಾಗದಲ್ಲಿ ಗೋಪುರಗಳು ಏಳುತ್ತಿದ್ದ ಕಾಲ. ಸುದ್ದಿ ಕೇಳಿ ನೋಡಲು ಹೋದೆ. ತಾತ್ಯಾ ತೀರಿಹೋಗಿದ್ದರು. ಹಂಚನ್ನೆಲ್ಲ ಗುಜರಿಯವನು ಸಾಲಾಗಿ ಪೇರಿಸಿಟ್ಟಿದ್ದ. ಅವನಲ್ಲಿ ಕೇಳಿ ಎರಡು ಹಂಚು ತೆಗೆದುಕೊಂಡು, ಹಳೆಯ ಸೀರೆಯಲ್ಲಿ ಸುತ್ತಿ ರೈಲಿನಲ್ಲಿ ಊರಿಗೆ ಒಯ್ದೆ. ಅಣ್ಣ ಬೆನ್ನು ತಟ್ಟುತ್ತಾನೆ ಎಂದುಕೊಂಡಿದ್ದೆ. ಅವನು ಅವನ್ನು ಮಾಡಿಗೆ ಇಟ್ಟು ನೋಡಿ ವಾಪಸು ಇಳಿಸಿದ. 'ಇದು ಕೂರುದಿಲ್ಲ. ಬೇರೆ ಕಾರ್ಖಾನೆಯದ್ದು, ಗಾಡಿ ಬೇರೆ.' ನಿಜ, ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಬಗೆ. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಎರಡೂ ಹಂಚು ಹಟ್ಟಿಯ ಗೋಡೆಗೆ ಒರಗಿ ನಿಂತವು.

2012ರಲ್ಲಿ ಅಣ್ಣ ತೀರಿಕೊಂಡ. ಅತ್ತಿಗೆ ಮಗನ ಜೊತೆ ಬೆಂಗಳೂರಿಗೆ ಹೋದರು. ಮನೆಗೆ ಬೀಗ ಬಿತ್ತು. ಮರುವರ್ಷ ಜೂನ್‌ನಲ್ಲಿ ನೆರೆಮನೆಯವರು ಫೋನ್ ಮಾಡಿದರು. 'ನಿಮ್ಮ ಪಡುಬದಿಯ ಮಾಡಲ್ಲಿ ಒಂದು ಹಂಚು ಜಾರಿದ ಹಾಗೆ ಕಾಣ್ತದೆ. ಬೀಗ ಹಾಕಿದ್ದಲ್ವಾ, ಒಳಗಿಂದ ಹಾಕ್ಲಿಕ್ಕೆ ಆಗುದಿಲ್ಲ.' ಬರುವ ತಿಂಗಳು ಬರುತ್ತೇನೆ ಎಂದೆ. ಹೋದದ್ದು ದಸರೆಗೆ. ಅಷ್ಟರಲ್ಲಿ ಒಂದಲ್ಲ, ಹನ್ನೊಂದು ಹಂಚು ಹೋಗಿತ್ತು. ಜನ ಸಿಗಲಿಲ್ಲ, ಟಾರ್ಪಾಲು ಹೊದೆಸಿ ಬಂದೆ. 2016ರ ಜುಲೈಯಲ್ಲಿ ಪಡುಬದಿಯ ಕೋಣೆಯ ಗೋಡೆ ಕುಸಿಯಿತು. ನಾನು ಹುಟ್ಟಿದ ಕೋಣೆ ಅದು. ಅಪ್ಪ ಮಲಗುತ್ತಿದ್ದದ್ದೂ ಅಲ್ಲೇ.

ಒಂದು ಹಂಚಿಗೆ ಒಂದು ಕೋಣೆ. ಸವಕಳಿಯ ಲೆಕ್ಕವನ್ನು ನಾನು ಕಾಲೇಜಿನಲ್ಲಿ ಓದಿದ್ದೇನೆ, ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಬರೆದಿದ್ದೇನೆ. ವರ್ಷಕ್ಕೆ ಇಷ್ಟು ಶೇಕಡಾ ಎಂದು ಅದು ಸಾಲಾಗಿ ಇಳಿಯುತ್ತದೆ. ಹಂಚಿನ ಮನೆ ಹಾಗೆ ಇಳಿಯುವುದಿಲ್ಲ. ಒಳಗೆ ಜನ ಇದ್ದರೆ ನೂರು ವರ್ಷಕ್ಕೂ ಏನೂ ಆಗುವುದಿಲ್ಲ, ಇಲ್ಲದಿದ್ದರೆ ನಾಲ್ಕು ಮಳೆಗಾಲ ಸಾಕು. ಇಪ್ಪತ್ತಾರು ವರ್ಷ ನಾನು ತಪ್ಪದೆ ದುಡ್ಡು ಕಳಿಸಿದ್ದೆ. ಆ ದುಡ್ಡು ಹಂಚಾಗಿ ಮಾಡಿಗೆ ಏರಿದ್ದು ಅಣ್ಣ ಏಣಿ ಹತ್ತಿದ್ದರಿಂದ. ಅವನ ಹೆಸರಿನಲ್ಲಿ ನಾನು ಜಮಾ ಮಾಡಬೇಕಾಗಿದ್ದ ಕೆಲಸವನ್ನೆಲ್ಲ ನನ್ನ ಖಾತೆಗೆ ಬರೆದುಕೊಂಡಿದ್ದೆ.

2020ರಲ್ಲಿ ನಿವೃತ್ತನಾದೆ. ಈಗ ವರ್ಷವರ್ಷವೂ ಮೇ ತಿಂಗಳಲ್ಲಿ ಊರಿಗೆ ಹೋಗಿ ಹದಿನೈದು ದಿನ ಇರುತ್ತೇನೆ. ಉಳಿದ ಮೂರು ಕೋಣೆಗಳ ಮಾಡು ಗಟ್ಟಿಯಾಗಿದೆ. ಹಂಚು ಸಿಗುವುದೇ ಕಷ್ಟ. ಮಣ್ಣಿಲ್ಲ, ಕಟ್ಟಿಗೆಯಿಲ್ಲ, ಎಲ್ಲರಿಗೂ ಕಾಂಕ್ರೀಟು ಬೇಕು ಎಂದು ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಚಿಮಣಿಗಳು ಅಲ್ಲಲ್ಲಿ ಬರಿದೇ ನಿಂತಿವೆ. ಹೊಸ ಹಂಚು ಹಳೆಯದಕ್ಕೆ ಕೂರುವುದಿಲ್ಲ. ಅದಕ್ಕೆ ಈ ಸಲ ಹಟ್ಟಿಯ ಮಾಡು ಬಿಚ್ಚಿ ಅದರ ಹಂಚನ್ನು ಮನೆಗೆ ಹಾಕಿಸಿದೆ. ಎರಡೂ ಅಪ್ಪ ಒಂದೇ ಕಡೆಯಿಂದ ತರಿಸಿದ್ದು, ಸರಿಯಾಗಿ ಕೂತಿತು. ಹಟ್ಟಿಗೆ ಶೀಟು. ದನ ಇಲ್ಲದ ಹಟ್ಟಿಗೆ ಶೀಟು ಸಾಕು. ಮುಂಬೈಯ ಎರಡು ಹಂಚು ಅಲ್ಲೇ ಗೋಡೆಗೆ ಒರಗಿ ಇವೆ.

ಮಾಡಿಗೆ ಹತ್ತಿದವನು ಬಾಗಲಕೋಟೆ ಕಡೆಯ ಹುಡುಗ, ಇಪ್ಪತ್ತೆರಡು ವರ್ಷ ಇರಬಹುದು. ಊರಿನಲ್ಲಿ ಏಣಿ ಹತ್ತುವವರು ಈಗ ಹೆಚ್ಚಾಗಿ ಆ ಕಡೆಯವರೇ. ಚಾ ಕುಡಿಯುವಾಗ ಅವನ ಮನೆ ಹೇಗಿದೆ ಎಂದು ಕೇಳಿದೆ.

'ನಮ್ದು ಮಣ್ಣಿನ ಮಾಳಿಗಿರೀ. ಮಳಿಗಿಂತ ಮೊದ್ಲ ಮ್ಯಾಲ ಮಣ್ಣು ಹಾಕ್ಬೇಕು, ಇಲ್ಲಾಂದ್ರ ಸೋರ್ತೈತಿ.'

'ಯಾರು ಹಾಕ್ತಾರೆ ಈಗ?'

'ನಮ್ಮಣ್ಣ ಅದಾನ್ರೀ ಊರಾಗ. ನಾ ರೊಕ್ಕ ಕಳಸ್ತೀನಿ.'

ಕೂಲಿ ಕೊಡುವಾಗ ಹೇಳಿದೆ, ಮಳೆ ಶುರುವಾಗುವ ಮೊದಲು ನಾಲ್ಕು ದಿನ ಊರಿಗೆ ಹೋಗಿ ಬಾ ಮಗಾ ಅಂತ. 'ನೋಡ್ತೀನ್ರೀ' ಎಂದ. ಅಣ್ಣನಿಗೆ ನಾನೂ ಹಾಗೇ ಬರೆಯುತ್ತಿದ್ದೆ. ಬಸ್ಸಿನ ದುಡ್ಡನ್ನು ಬೇರೆಯಾಗಿ ಎಣಿಸಿ ಅವನ ಕೈಗೆ ಕೊಟ್ಟೆ.